ನಿರಪಾಯಕಾರಿ ಎಂಬ ನನ್ನ ಪದ

ನಿಮ್ಮ ತಪ್ಪನ್ನು ತನ್ನದೆಂದು ನಂಬಿ ಅಳುತ್ತಿರುವವರ ಕಣ್ಣೊರೆಸಲು ನೀವೇ ಟವೆಲು ತಂದುಕೊಟ್ಟದ್ದುಂಟೇ, ಓದುಗರೇ? ನಾನು ತಂದುಕೊಟ್ಟಿದ್ದೇನೆ. ಟವೆಲು ಕೊಟ್ಟು, ಬೆನ್ನು ಸವರಿ, “ಹೋಗಲಿ ಬಿಡು, ನೀನೇನು ಬೇಕೆಂದು ಮಾಡಿದೆಯಾ?” ಎಂದು ಸಮಾಧಾನವನ್ನೂ ಹೇಳಿದ್ದೇನೆ. ಅಳುತ್ತಿದ್ದವಳು ನನ್ನ ಹೆಂಡತಿ ಗೌರಾ. ತಪ್ಪು ನನ್ನದು.

ನಮ್ಮ ಕನ್ನಡ ಸಂಘದ ಈ ವಾರ್ಷಿಕ ಸಂಚಿಕೆಯನ್ನು ಓದುವ ಡೊಂಬಿವಲಿ, ಕಲ್ಯಾಣ, ಥಾಣೆಯ ಬಹುಮಂದಿಗೆ ಒಂದು ಕಥೆ ಗೊತ್ತಿದೆ. ಆಕಾಶಕ್ಕೆ ಬಿಟ್ಟ ಬಲೂನಿನ ಪೆಟ್ಟಿಗೆಯೊಂದು ರಾಯಚೂರಿನ ಕಡೆಯ ಹಳ್ಳಿಯೊಂದರ ಹೊಲದಲ್ಲಿ ಇಳಿದಾಗ, ಅದರ ಮೇಲಿದ್ದ ಕನ್ನಡ ಫಲಕವನ್ನು ಓದಿ ಹೆದರಿದ ಜನ ಪೆಟ್ಟಿಗೆಯನ್ನು ಬಾವಿಗೆ ತಳ್ಳಿದರು. ಆ ಫಲಕದ ಕನ್ನಡ ನಮ್ಮ ಕಾರ್ಯದರ್ಶಿಯ, ಎಂದರೆ ನನ್ನ, ಹೆಂಡತಿಯದು—ಎಂಬ ಕಥೆ. ನಮ್ಮ ಚಹಾಕೂಟಗಳಲ್ಲಿ ಅದನ್ನು ನಗುತ್ತ ಹೇಳುವುದುಂಟು. ನಾನೂ ಆ ನಗೆಯ ನಡುವೆ ಕುಳಿತಿದ್ದುಂಟು. ಕಥೆಯಲ್ಲಿ ಪೆಟ್ಟಿಗೆ ನಿಜ, ಹೊಲ ನಿಜ, ಬಾವಿ ನಿಜ. ಕನ್ನಡ ಮಾತ್ರ ಗೌರಾಳದಲ್ಲ. ಅದು ನನ್ನದು. ಅವಳು ಬರೆದದ್ದನ್ನು ಯಾರಿಗೂ ಹೇಳದೆ ಅಳಿಸಿ, ನನ್ನದನ್ನು ಬರೆಸಿದವನು ನಾನು.

ಇದನ್ನು ಬರೆಯುವ ಮೊದಲು ನಾನು ಎಂತಹವನಾಗಿದ್ದೆ ಎಂಬುದನ್ನು ತಿಳಿಸಬೇಕು—ಕರುಣೆ ಗಿಟ್ಟಿಸಲಿಕ್ಕಲ್ಲ. ಇಂತಹ ತಪ್ಪನ್ನು ಕೆಟ್ಟವರಷ್ಟೇ ಮಾಡುತ್ತಾರೆಂದು ಯಾರೂ ನೆಮ್ಮದಿಯಿಂದಿರಬಾರದೆಂದು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳ ಹುಡುಗ. ಚೀಟಿ ಎತ್ತಿದಾಗ ‘ಪರ’ ಬಂದರೂ ಸರಿ, ‘ವಿರೋಧ’ ಬಂದರೂ ಸರಿ, ಒಂದೇ ಆವೇಶದಿಂದ ಮಾತನಾಡಬಲ್ಲವನಾಗಿದ್ದೆ. ಉಡುಪಿಯ ಕಡೆಯಿಂದ ಬಂದು ಥಾಣೆಯ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಆವೇಶ ಇಳಿಯಲಿಲ್ಲ. ವರದಕ್ಷಿಣೆಯಿಲ್ಲದ ಮದುವೆ, ಹೆಂಗಸರಿಗೆ ಅಕ್ಷರ, ಕಲಬೆರಕೆಯಿಲ್ಲದ ಕನ್ನಡ—ಇವು ನನ್ನ ವ್ರತಗಳು. ಮೊದಲನೆಯದನ್ನು ನಾನೇ ನಡೆಸಿ ತೋರಿಸಿದೆ: ಬಿಜಾಪುರದ ಹತ್ತಿರದ ಹಳ್ಳಿಯ ಗೌರಾಳನ್ನು ಹಾರ ಬದಲಿಸಿ, ಪಾನಕ ಹಂಚಿ ಮದುವೆಯಾದೆ. ಎರಡನೆಯದನ್ನು ಅವಳು ನಡೆಸಿದಳು: ಡೊಂಬಿವಲಿಯ ನಮ್ಮ ಮನೆಯಿಂದ ಥಾಣೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ತುರ್ಭೆಗೆ ಹೋಗಿ, ಗುಲ್ಬರ್ಗ, ರಾಯಚೂರುಗಳಿಂದ ಬಂದು ಅಲ್ಲಿ ಕಲ್ಲು ಹೊರುವ, ಮೂಟೆ ಇಳಿಸುವ ಕೆಲಸ ಮಾಡುತ್ತಿದ್ದ ಹೆಂಗಸರಿಗೆ ಓದುಬರಹ ಕಲಿಸುತ್ತಿದ್ದಳು. ಮೂರನೆಯದು—ಕನ್ನಡದ ಶುದ್ಧಿ—ನನ್ನ ಪಾಲಿಗೆ ಉಳಿಯಿತು.

ಅದನ್ನು ಎಲ್ಲಿಯವರೆಗೆ ಒಯ್ದಿದ್ದೆನೆಂದರೆ, ರೈಲಿನ ಸೀಸನ್ ಪಾಸಿಗೆ ‘ಋತುಚೀಟಿ’ ಎಂದು ಹೆಸರಿಟ್ಟಿದ್ದೆ. ಒಮ್ಮೆ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ, ಅಕ್ಕಪಕ್ಕದ ಮನೆಯ ಹೆಂಗಸರ ಎದುರಿಗೆ, “ಗೌರಾ, ನಿನ್ನ ಋತುಚೀಟಿ ಎಲ್ಲಿ?” ಎಂದು ಕೇಳಿಬಿಟ್ಟೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗು ತಡೆಯಲಾರದೆ ಅಂದಳು:

“ಏನ್ರೀ, ನಾಲ್ಕ ಹೆಣ್ಮಕ್ಕಳ ಮುಂದ ಎಂಥಾ ಮಾತು! ಪಾಸ್ ಅನ್ರಿ, ಪಾಸ್. ಕನ್ನಡ ಉಳೀಲಿ, ಜೊತಿಗಿ ನಮ್ಮ ಮಾನಾನೂ ಉಳೀಲಿ.”

ಆ ಮಾತಿಗೆ ನಾನೂ ನಕ್ಕೆ. ಆ ದಿನಗಳಲ್ಲಿ ನಾವು ಬಹಳ ನಗುತ್ತಿದ್ದೆವು.

ನಮ್ಮಿಬ್ಬರ ಭಾನುವಾರಗಳಲ್ಲಿ ಮೂರನೆಯವನೊಬ್ಬನಿದ್ದ: ವಾಮನ. ಕಾಲೇಜಿನಲ್ಲಿ ನನ್ನ ಕೋಣೆಯ ಜೊತೆಗಾರ, ನಮ್ಮ ಊರಿನ ಕಡೆಯವನೇ, ನನ್ನೊಡನೆ ತುಳುವಿನಲ್ಲಿ ಜಗಳವಾಡುವಷ್ಟು ಹತ್ತಿರದವನು. ಭೌತಶಾಸ್ತ್ರ ಓದಿ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ. ಮದುವೆಯಾಗಿರಲಿಲ್ಲ. ಗೌರಾ ಬಡಿಯುವ ಜೋಳದ ರೊಟ್ಟಿಯ ಮುಂದೆ ಕುಳಿತರೆ ಅವನು ನಕ್ಷತ್ರಗಳ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಅವನ ಕೆಲಸವೇ ಹಾಗೆ. ದೂರದ ನಕ್ಷತ್ರಗಳಿಂದ ಬರುವ ಕೆಲವು ಕಣಗಳು ನಮ್ಮ ಗಾಳಿಯನ್ನು ದಾಟಿ ನೆಲಕ್ಕೆ ಇದ್ದ ಹಾಗೆಯೇ ತಲುಪುವುದಿಲ್ಲವಂತೆ; ಅವುಗಳನ್ನು ಹಿಡಿಯಬೇಕಾದರೆ ಗಾಳಿಯ ಬಹುಭಾಗವನ್ನು ಕೆಳಗೆ ಬಿಟ್ಟು ಮೇಲೇರಬೇಕು—ನಡುಹಗಲಲ್ಲೂ ಆಕಾಶ ಕಪ್ಪಾಗಿ ಕಾಣುವಷ್ಟು ಎತ್ತರಕ್ಕೆ. ಅಲ್ಲಿಗೆ ಹೋಗಲು ಅವರು ಬಳಸುತ್ತಿದ್ದದ್ದು ಬಲೂನು. ಅದರ ಕೆಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಪದರಪದರವಾಗಿ ಜೋಡಿಸಿದ ಫಿಲ್ಮು. ಹಾದುಹೋದ ಕಣ ಆ ಪದರಗಳಲ್ಲಿ ತನ್ನ ಗೆರೆಯನ್ನು ಬಿಟ್ಟುಹೋಗುತ್ತದೆ.

ಬಲೂನಿನ ಪಟ್ಟಿಗಳನ್ನು ಬೆಸೆಯುತ್ತಿದ್ದ ಥಾಣೆಯ ಶೆಡ್ಡೊಂದಕ್ಕೆ ಅವನು ಒಮ್ಮೆ ನಮ್ಮಿಬ್ಬರನ್ನೂ ಕರೆದೊಯ್ದ. ಪ್ಲಾಟ್‌ಫಾರ್ಮಿನಷ್ಟು ಉದ್ದದ ಮೇಜು. ಅದರ ಮೇಲೆ ನೀರು ಹರವಿದಂತೆ ಪ್ಲಾಸ್ಟಿಕ್ಕಿನ ಹಾಳೆ. ಕೆಲಸದವರ ಬೆರಳಲ್ಲಿ ಉಂಗುರವಿಲ್ಲ, ಕೈಯಲ್ಲಿ ಗಡಿಯಾರವಿಲ್ಲ.

“ಅತ್ತಿಗೆ, ಬಳೆ ತೆಗೆದಿಡ್ಬೇಕಾಗ್ತದೆ,” ಎಂದ ವಾಮನ. “ಉಗುರು ತಾಗಿದ್ರೂ ಹರಿದುಹೋಗ್ತದೆ ಇದು.”

“ಬಳಿ ತಗಿಯಂಗಿಲ್ಲ ನೋಡ್ರಿ ವಾಮನಣ್ಣ. ಕೈ ಕಟಗೊಂಡ ನಿಂದರ್ತೀನಿ.” ಗೌರಾ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಕತ್ತನ್ನಷ್ಟೇ ಮುಂದೆ ಚಾಚಿ ನೋಡಿದಳು. “ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗೈತಲ್ರಿ! ಇದು ಅಷ್ಟ ಮ್ಯಾಲ ಹೋಗತೈತಿ? ಹೋಗತೈತಿ ಬಿಡ್ರಿ, ನಮ್ಮನಿಯವರ ಭಾಷಣಾನೂ ಹಿಂಗs ಇರತೈತಿ—ಒಳಗ ಬರೇ ಹವಾ, ಹಾರೂದು ಮಾತ್ರ ಮ್ಯಾಲs.”

ವಾಮನನ ನಗೆ ಆ ಶೆಡ್ಡನ್ನೆಲ್ಲ ತುಂಬಿತು.

ಅದರ ಮರು ಭಾನುವಾರ ಊಟದ ಹೊತ್ತಿಗೆ ಅವನು ತನ್ನ ಚಿಂತೆಯನ್ನು ಹೇಳಿದ. ಬಲೂನನ್ನು ಹೈದರಾಬಾದಿನ ಕಡೆಯ ಬಯಲಿನಿಂದ ಬಿಡುವುದು. ಕೆಲಸ ಮುಗಿದ ಮೇಲೆ ರೇಡಿಯೋ ಮೂಲಕ ಹಗ್ಗ ಕತ್ತರಿಸಿದರೆ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಎಲ್ಲಿ ಎಂಬುದು ಗಾಳಿಯ ಕೈಯಲ್ಲಿ. ಈ ಬಾರಿ ಹೆಚ್ಚಾಗಿ ಕನ್ನಡದ ಹಳ್ಳಿಗಳ ಕಡೆಗೇ ಅಂತೆ.

“ನಮ್ಮ ಜೀಪು ಮುಟ್ಟುವವರೆಗೆ ಅದು ಊರವರ ವಶದಲ್ಲಿ, ಮಾರಾಯ. ಅವರಿಗೆ ಅರ್ಥ ಆಗುವ ಹಾಗೆ ನಾಲ್ಕು ಸಾಲು ಪೆಟ್ಟಿಗೆ ಮೇಲೆ ಬೇಕು. ತೆಲುಗಿನಲ್ಲಿ ಆಯ್ತು, ಮರಾಠಿಯಲ್ಲಿ ಆಯ್ತು. ಕನ್ನಡ ಬಾಕಿ.”

ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಅವನು ನೋಡುತ್ತಿದ್ದದ್ದು ಗೌರಾಳನ್ನು.

“ಅತ್ತಿಗೆ ಬರೀಲಿ. ಬೀಳುವುದು ಅವರ ಕಡೆ. ನೀನು ಬರೆದ್ರೆ ನಮ್ಮ ಉಡುಪಿಯವರಿಗೂ ಅರ್ಥ ಆಗ್ಲಿಕ್ಕಿಲ್ಲ.”

ಮೂವರೂ ನಕ್ಕೆವು. ಆ ಮಾತು ಮಾತ್ರ ನನಗೆ ಎಲ್ಲಿಯೋ ಚುಚ್ಚಿತ್ತು. ಅದು ಅಂದು ನನಗೂ ತಿಳಿಯಲಿಲ್ಲ.

ಗೌರಾ ಹಿಟ್ಟಿನ ಕೈ ತೊಳೆದು, ಮಣೆಯ ಮೇಲೆ ಕುಳಿತು, ಒಂದೊಂದು ಸಾಲನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ ಬರೆದಳು—ಅವಳು ಬರೆಯುವ ರೀತಿಯೇ ಅದು, ಮೊದಲು ಕಿವಿಗೆ, ಆಮೇಲೆ ಕಾಗದಕ್ಕೆ:

“ಹೆದರಬ್ಯಾಡ್ರಿ. ಇದು ಬಾಂಬ್ ಅಲ್ಲ. ಆಕಾಶದಾಗ ಏನ ಐತಿ ಅಂತ ನೋಡಾಕ ಕಳಿಸಿದ ಪೆಟಿಗಿ. ಬಿಚ್ಚಬ್ಯಾಡ್ರಿ. ನೀರು ತಾಕಸಬ್ಯಾಡ್ರಿ. ಪೊಲೀಸರಿಗೆ ಹೇಳಿ ಕಳಸ್ರಿ, ಇದರವರು ಬಂದು ಒಯ್ತಾರ.”

“ನೀರಿನ ಮಾತು ಯಾಕೆ?” ಎಂದೆ ನಾನು.

“ಹತ್ತದ ಪಟಾಕಿ ಕಂಡ್ರ ನಮ್ಮಪ್ಪ ಮೊದಲು ಕೊಡದಾಗ ಹಾಕತಿದ್ದ. ಮಂದಿಗಿ ಅಂಜಿಕಿ ಬಂತಂದ್ರ ಕೈ ನೀರಿನ ಕಡೆನs ಹೋಗತೈತ್ರಿ.”

ವಾಮನ ತಲೆಯಾಡಿಸಿದ. ನೀರು ಹೊಕ್ಕರೆ ಆ ಫಿಲ್ಮಿನ ಗತಿ ಮುಗಿಯಿತು ಎಂದ.

ತಗಡಿನ ಫಲಕ ಬರೆಸಿಕೊಡುವ ಕೆಲಸವನ್ನು ನಾನೇ ಕೇಳಿ ಪಡೆದೆ. ನಮ್ಮ ಸಂಘದ ಬ್ಯಾನರುಗಳನ್ನು ಬರೆಯುತ್ತಿದ್ದ ಮರಾಠಿ ಪೇಂಟರನೊಬ್ಬ ಕಲ್ಯಾಣದ ಮಾರುಕಟ್ಟೆಯಲ್ಲಿದ್ದ. ಕನ್ನಡ ಓದಲು ಬಾರದಿದ್ದರೂ, ಕಾಗದದಲ್ಲಿ ಕೊಟ್ಟ ಅಕ್ಷರವನ್ನು ಚಿತ್ರದಂತೆ ತಗಡಿಗೆ ಇಳಿಸಬಲ್ಲವನು. ಗೌರಾಳ ಚೀಟಿ ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದೆ.

ಡೊಂಬಿವಲಿಯಿಂದ ಕಲ್ಯಾಣಕ್ಕೆ ಎಷ್ಟು ದೂರ? ಆ ಅಷ್ಟು ದೂರದೊಳಗೆ ನಾನು ನನ್ನ ಇಡೀ ಬದುಕಿನ ನಾಚಿಕೆಯ ಕೆಲಸವನ್ನು ಮಾಡಿದೆ. ಚೀಟಿಯನ್ನು ತೆಗೆದು ಓದಿದೆ. ‘ನೋಡಾಕ’. ‘ತಾಕಸಬ್ಯಾಡ್ರಿ’. ಮನೆಯಲ್ಲಿ ಅವಳ ಬಾಯಿಂದ ಕೇಳಿದಾಗ ಬೆಲ್ಲದಂತಿದ್ದ ಮಾತು ಕಾಗದದ ಮೇಲೆ—ಹೇಗೆ ಹೇಳಲಿ—ಬರಿಗಾಲಲ್ಲಿ ಸಭೆಗೆ ಬಂದಂತೆ ಕಂಡಿತು. ನಮ್ಮ ಕನ್ನಡದ ಅಕ್ಷರ ಆಕಾಶದ ಅಂಚಿಗೆ ಹೋಗಲಿದೆ. ಹಿಂದೆಂದೂ ಅಷ್ಟು ಎತ್ತರಕ್ಕೆ ಹೋಗಿರಲಾರದು. ಹೋಗುವ ಕನ್ನಡ ಹೀಗಿರಬಹುದೇ? ಅದರಲ್ಲೂ ‘ಬಾಂಬ್’! ಒಬ್ಬನೇ ಕುಳಿತು, ಎದುರು ಪಕ್ಷವಿಲ್ಲದ ಚರ್ಚೆಯಲ್ಲಿ ನಾನು ಗೆದ್ದೆ. ಇನ್ನೊಂದು ಕಾಗದ ತೆಗೆದು ಬರೆದೆ:

“ಎಚ್ಚರಿಕೆ! ಇದು ನಿರಪಾಯಕಾರಿ ವೈಜ್ಞಾನಿಕ ಉಪಕರಣ. ಅನಾವರಣ ನಿಷಿದ್ಧ. ಜಲಸ್ಪರ್ಶ ವರ್ಜ್ಯ. ಆರಕ್ಷಕರಿಗೆ ನಿವೇದಿಸತಕ್ಕದ್ದು.”

ಓದಿಕೊಂಡು ನನಗೆ ರೋಮಾಂಚನವಾಯಿತು. ಸುಳ್ಳು ಹೇಳಲಾರೆ—ಆಯಿತು. ಮುಖ್ಯವಾಗಿ ಆ ಒಂದು ಪದ: ನಿರಪಾಯಕಾರಿ. ಯಾವ ಅಪಾಯವನ್ನೂ ಉಂಟುಮಾಡದ್ದು. ಮೂರು ಮಾತನ್ನು ಒಂದೇ ಪದದಲ್ಲಿ ಅಡಕಗೊಳಿಸಿದ್ದೇನೆಂದು ಹೆಮ್ಮೆಪಟ್ಟೆ.

ಪೇಂಟರ್ ಕಾಗದವನ್ನು ಹಿಡಿದು, ಅತ್ತ ತಿರುಗಿಸಿ ಇತ್ತ ತಿರುಗಿಸಿ ಕೇಳಿದ: “ಸಾಹೇಬ, ಹೀ ಜಿಲೇಬಿ ಕುಠೂನ ಸುರೂ ಕರಾಯಚೀ?”

ಈ ಜಿಲೇಬಿಯನ್ನು ಎಲ್ಲಿಂದ ಸುತ್ತಲಿ ಎಂದು. ನಾನು ಮೊದಲ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಸುತ್ತಿದ—ಎಷ್ಟು ಚೆನ್ನಾಗಿ ಸುತ್ತಿದ! ಬ್ರಷ್ ಒರೆಸಲು ಕಾಗದ ಬೇಕೆಂದಾಗ ಜೇಬಿನಲ್ಲಿದ್ದ ಇನ್ನೊಂದು ಚೀಟಿಯನ್ನು ಕೊಟ್ಟೆ. ಹೌದು, ಅದೇ. ಗೌರಾಳದು.

ಫಲಕವನ್ನು ವಾಮನನಿಗೆ ತಲುಪಿಸುವಾಗ ಪೆಟ್ಟಿಗೆಗಳು ಹೊರಡುವ ಗಡಿಬಿಡಿ. ಸುತ್ತಿದ್ದ ಪತ್ರಿಕೆಯ ಮೂಲೆಯನ್ನಷ್ಟೇ ಸರಿಸಿ, ಬಣ್ಣ ಒಣಗಿದೆಯೇ ಎಂದು ಬೆರಳಿಂದ ನೋಡಿ, “ಅತ್ತಿಗೆಗೆ ಥ್ಯಾಂಕ್ಸ್ ಹೇಳು,” ಎಂದ. ಆಗ ಹೇಳಬಹುದಿತ್ತು. ಒಂದೇ ಒಂದು ವಾಕ್ಯ—“ಸ್ವಲ್ಪ ಬದಲಿಸಿದ್ದೇನೆ, ಓದಿ ನೋಡು.” ಹೇಳಲಿಲ್ಲ. ಹೇಳಿದ್ದರೆ ಅವನು ಓದುತ್ತಿದ್ದ, ಓದಿದ್ದರೆ ನಗುತ್ತಿದ್ದ. ಆ ನಗೆಗೆ ಅಂಜಿದೆ.

ಆ ವರ್ಷದ ಮಳೆಗಾಲದಲ್ಲಷ್ಟೇ ಪರದೇಶದವರು ಹಾರಿಸಿದ್ದ ಭಾರಿ ಯಂತ್ರವೊಂದು ಆಕಾಶದಿಂದ ಯಾರ ತಲೆಯ ಮೇಲೆ ಬೀಳುವುದೋ ಎಂದು ಊರೂರೇ ನಡುಗಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅದಾಗಿ ಕೆಲವೇ ತಿಂಗಳಲ್ಲಿ, ಒಂದು ಹೊಲದ ಜನರ ಕಣ್ಣೆದುರಿಗೆ, ಬಾನಿಂದ ನಿಜವಾಗಿಯೇ ಒಂದು ಪೆಟ್ಟಿಗೆ ಇಳಿಯಿತು.

ನಮ್ಮ ಸಂಘದ ಸಭೆ ನಡೆಯುತ್ತಿದ್ದ ಶಾಲೆಯ ಕೋಣೆಗೆ ವಾಮನ ಬಂದದ್ದು ಒಂದು ಸಂಜೆ. ಗೌರಾ ಹೆಂಗಸರ ಸಾಲಿನಲ್ಲಿದ್ದಳು. ಅವನ ಮುಖ ನೋಡಿ ಅಧ್ಯಕ್ಷರು ಚರ್ಚೆ ನಿಲ್ಲಿಸಿದರು—ಶೀನಣ್ಣ ಎಂದೇ ಎಲ್ಲರೂ ಕರೆಯುತ್ತಿದ್ದ ಹೋಟೆಲಿನ ಯಜಮಾನರು, ದೊಡ್ಡ ಮನಸ್ಸಿನವರು, ದೊಡ್ಡ ದನಿಯವರು.

“ಪೆಟ್ಟಿಗೆ ಸಿಕ್ಕಿತು,” ಎಂದ ವಾಮನ. “ಬಾವಿಯಲ್ಲಿ.”

ನಡೆದದ್ದು ಇಷ್ಟು. ತರಲು ಹೋದವರು ತೆಲುಗಿನವರು. ಅವರು ಫೋನಿನಲ್ಲಿ ತಿಳಿಸಿದ್ದರು. ಜನ ಮೊದಲು ದೂರವೇ ನಿಂತಿದ್ದರಂತೆ. ಓದುಬರುವ ಒಬ್ಬನನ್ನು ಮುಂದೆ ನೂಕಿದರಂತೆ. ಅವನು ಅಕ್ಷರ ಕೂಡಿಸಿ ಕೂಡಿಸಿ ‘ಎಚ್ಚರಿಕೆ’ ಎಂದನಂತೆ, ಆಮೇಲೆ ‘ಅಪಾಯಕಾರಿ’ ಎಂದನಂತೆ. ಮುಂದಕ್ಕೆ ಯಾರೂ ಓದಗೊಡಲಿಲ್ಲ. ಉದ್ದನೆಯ ಬಿದಿರಿನಿಂದ ತಳ್ಳಿ ತಳ್ಳಿ ಹೊಲದ ಬಾವಿಗೆ ಕೆಡವಿದರು. ತಗಡು ಕಿತ್ತು ಬಾವಿಯ ತಳಕ್ಕೇ ಹೋಯಿತು. ಫಿಲ್ಮು ಅಂಟಿನ ಮುದ್ದೆಯಾಯಿತು.

ಅಪಾಯಕಾರಿ. ನನಗೆ ಆ ಕ್ಷಣವೇ ತಿಳಿಯಿತು. ‘ನಿರ್’ ಎಂಬ ಪುಟ್ಟ ಉಪಸರ್ಗ ಸಭಾಭವನಗಳಲ್ಲಿ ಬಾಳಬಲ್ಲದು. ಗಾಬರಿಯಾದವನ ನಾಲಗೆಯಲ್ಲಿ ಅದು ನಿಲ್ಲದು. ಅವನಿಗೆ ಪರಿಚಯವಿದ್ದದ್ದು ‘ಅಪಾಯ’ವೊಂದೇ, ಅದನ್ನೇ ಹೆಕ್ಕಿಕೊಂಡ.

ಗೌರಾ ಎದ್ದು ನಿಂತಳು.

“ನಾ ಬಾಂಬ್ ಅಂತ ಬರದಿದ್ದೆ, ವಾಮನಣ್ಣ. ‘ಬಾಂಬ್ ಅಲ್ಲ’ ಅಂತ. ಬಾಂಬ್ ಅಂದ ಕೂಡ್ಲೆ ಮುಂದಿನ ‘ಅಲ್ಲ’ ಯಾರ ಓದ್ತಾರ? ಅದನ್ನs ಆ ತೆಲುಗಿನವರು ‘ಎಚ್ಚರಿಕೆ’, ‘ಅಪಾಯ’ ಅಂತ ಹೇಳಿರಬೇಕು... ನಂದs ತಪ್ಪು.”

ನೋಡಿ, ಅವಳೇ ದಾರಿ ಮಾಡಿಕೊಟ್ಟಳು. ನಾನು ಸುಮ್ಮನಿದ್ದರೆ ಸಾಕಿತ್ತು. ಶೀನಣ್ಣನವರು, ಕೋಣೆಯ ಬಿಗುವನ್ನು ಸಡಿಲಿಸಲೆಂದೇ ಇರಬೇಕು, ನಗುತ್ತ ಅಂದರು: “ಹೋಗ್ಲಿ ಬಿಡಿ ಗೌರಕ್ಕ, ನಿಮ್ಮ ಬಿಜಾಪುರದ ಕನ್ನಡವೇ ಬಾಂಬು ಮಾರ್ರೆ, ಪಾಪ ಅವ್ರು ಹೆದರದೆ ಏನು ಮಾಡ್ತಾರೆ!” ಜನ ನಕ್ಕರು. ಎಲ್ಲರೂ ನನ್ನ ಕಡೆ ನೋಡಿದರು. ಕಾರ್ಯದರ್ಶಿ ಏನಾದರೂ ಹೇಳಬೇಕಿತ್ತು. ನಾನು ಎದ್ದೆ. ಇಷ್ಟು ವರ್ಷಗಳಿಂದ ನನ್ನ ಕಿವಿಯಲ್ಲಿ ಉಳಿದಿರುವ ಆ ವಾಕ್ಯವನ್ನು, ಸ್ಪಷ್ಟ ಉಚ್ಚಾರಣೆಯಲ್ಲಿ, ಸರಿಯಾದ ಜಾಗದಲ್ಲಿ ನಿಲುಗಡೆ ಕೊಟ್ಟು, ಹೇಳಿದೆ:

“ಬರೆದದ್ದು ಅವಳು, ನಿಜ, ಆದರೆ ಅವಳ ಉದ್ದೇಶ ಒಳ್ಳೆಯದಿತ್ತು.”

ಕೇಳಿದವರಿಗೆ ಅದು ಹೆಂಡತಿಯ ಪರವಾಗಿ ನಿಂತ ಗಂಡನ ಮಾತು. ಗೌರಾ ಕೂಡ ಕೃತಜ್ಞತೆಯಿಂದ ನನ್ನನ್ನು ನೋಡಿದಳು—ಆ ನೋಟವನ್ನು ನಾನು ಎಲ್ಲಿಡಲಿ? ಒಂದೇ ವಾಕ್ಯದಲ್ಲಿ ಅವಳಿಗೆ ಶಿಕ್ಷೆ ಕೊಟ್ಟು, ಕ್ಷಮೆಯನ್ನೂ ಕೊಟ್ಟಿದ್ದೆ. ಎರಡಕ್ಕೂ ನನಗೆ ಅಧಿಕಾರವಿರಲಿಲ್ಲ.

ಮನೆಗೆ ಬಂದ ಮೇಲೆ ಟವೆಲಿನ ಮಾತು.

ಅದಾದ ಮೇಲಿನ ವಾರ ಅವಳು ತುರ್ಭೆಗೆ ಹೋಗಲಿಲ್ಲ. ಅದರ ಮರುವಾರವೂ ಇಲ್ಲ. “ನನ್ನ ಅಕ್ಷರ ನಂಬಿ ಇನ್ನs ಯಾರ ಬಾವಿಗೆ ಏನ ಬೀಳಬೇಕ್ರಿ? ನೀವs ಹೋಗ್ರಿ, ನಿಮ್ಮದು ಶುದ್ಧ ಐತಿ,” ಎಂದಳು. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ, ಇದ್ದಿದ್ದರೆ ತಾಳಿಕೊಳ್ಳುತ್ತಿದ್ದೆ. ನಾನು ಹೋದೆ. ನನ್ನ ಶುದ್ಧ ಕನ್ನಡದಲ್ಲಿ ಪಾಠ ಮಾಡಿದೆ. ಹೆಂಗಸರು ಮರ್ಯಾದೆಯಿಂದ ಕೇಳಿದರು, ಆಕಳಿಸಿದರು, ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಕೊನೆಗೆ ಉಳಿದವಳು ಮಲ್ಲಮ್ಮನೆಂಬ ಹಿರಿಯಳು. ಅವಳೊಮ್ಮೆ ನೇರವಾಗಿಯೇ ಕೇಳಿದಳು: “ಸರ, ನೀವು ಶ್ಯಾಣ್ಯಾರ ಅದೀರಿ ಖರೆ. ಆದ್ರ ಅಕ್ಕಾರ ಯಾಕ ಬರವಲ್ರು? ಅವರ ಮುಂದ ನಮಗ ತಪ್ಪ ಮಾಡಾಕ ನಾಚಿಕಿ ಬರತಿದ್ದಿಲ್ಲ.” ಆರೋಗ್ಯ ಸರಿಯಿಲ್ಲ ಎಂದೆ. ಸುಳ್ಳಿಗೆ ಇನ್ನೊಂದು ಅಂತಸ್ತು.

ವಾಮನ ಭಾನುವಾರಗಳನ್ನು ಬಿಡಲಿಲ್ಲ. ಅವನು ಒಂದು ದಿನವೂ ಅವಳನ್ನು ದೂರಲಿಲ್ಲ. ಆದರೆ ಗೌರಾ ಬಡಿಸಿ ಒಳಗೆ ಹೋಗುತ್ತಿದ್ದಳು. ಮೊದಲಿನಂತೆ ಮಣೆ ಎಳೆದುಕೊಂಡು ಕುಳಿತು ನಕ್ಷತ್ರಗಳ ಬಗ್ಗೆ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ನಗೆ ಕಡಿಮೆಯಾಯಿತು. ಅಂಗಡಿಯ ಸಾಮಾನಿನ ಚೀಟಿಯನ್ನೂ ಅವಳು ನನ್ನಿಂದಲೇ ಬರೆಸುತ್ತಿದ್ದಳು.

ಇಷ್ಟೆಲ್ಲ ಕಂಡೂ ಹೇಗೆ ಸುಮ್ಮನಿದ್ದೆ? ಚರ್ಚಾಪಟುವಿಗೆ ವಾದಗಳ ಬರವೇ? ಅವಳ ‘ಬಾಂಬ್’ ಇದ್ದಿದ್ದರೂ ಪೆಟ್ಟಿಗೆ ಬಾವಿಗೇ ಬೀಳುತ್ತಿತ್ತು ಎಂಬುದು ಒಂದು ವಾದ. ಈಗ ಹೇಳಿದರೆ ಅವಳ ನೋವು ಇಮ್ಮಡಿಯಾದೀತು ಎಂಬುದು ಇನ್ನೊಂದು. ಸಂಘಕ್ಕೆ ಕೆಟ್ಟ ಹೆಸರು... ಬೇಡ. ಈ ವಾದಗಳನ್ನು ನಾನು ನಿಮ್ಮ ಮುಂದೆ ಮಂಡಿಸಲು ಹೊರಟಿಲ್ಲ. ಅವು ಯಾವುವೂ ಕಾರಣವಲ್ಲ. ಕಾರಣ ಒಂದೇ: ಜನರೆದುರು ಸಣ್ಣವನಾಗಲು ನನಗೆ ಮನಸ್ಸಿರಲಿಲ್ಲ, ಅವಳು ಸಣ್ಣವಳಾಗುವುದನ್ನು ನೋಡಲು ಮನಸ್ಸಿತ್ತು.

ಈ ವರ್ಷ ತುರ್ಭೆಯಲ್ಲಿ ಸಂಘದ ಕಣ್ಣಿನ ತಪಾಸಣಾ ಶಿಬಿರವೆಂದು ನಿಶ್ಚಯವಾಯಿತು. ಅಲ್ಲಿಯ ಗೋಡೆಗಳಿಗೆ ಅಂಟಿಸುವ ಕನ್ನಡ ಜಾಹೀರಾತನ್ನು ಬೆಳಗಿನ ಚಹಾದ ಹೊತ್ತಿಗೆ ಬರೆಯುತ್ತಿದ್ದೆ. “ನಿಶ್ಶುಲ್ಕ ನೇತ್ರ ತಪಾಸಣೆ” ಎಂದು ದಪ್ಪಕ್ಷರದಲ್ಲಿ ಮೂಡಿಸಿ ಮೆಚ್ಚಿಕೊಳ್ಳುತ್ತಿದ್ದಾಗ ಗೌರಾ ಚಹಾ ಇಡಲು ಬಂದವಳು ಬಗ್ಗಿ ಓದಿದಳು. ತಡೆಯಲಾರದೆ ಅಂದಳು:

“‘ಶುಲ್ಕ’ ಅಂತ ಓದ್ತಾರ್ರಿ ಇದನ್ನ. ರೊಕ್ಕ ಕೇಳ್ತಾರ ಅಂತ ತಿಳಕೊಂಡು ಹೊಳ್ಳಿ ಹೋಗ್ತಾರ.”

ನಾನು ತಲೆಯೆತ್ತಿದೆ. ಅಷ್ಟರಲ್ಲಿ ಅವಳು ಹಿಂದೆ ಸರಿದಿದ್ದಳು—ಬಿಸಿ ತಾಗಿದವಳಂತೆ.

“ಬಿಡ್ರಿ. ನನಗೇನ ತಿಳಿತೈತಿ.”

ನನ್ನ ಹೆಂಡತಿಗೆ ತಿಳಿದಿತ್ತು. ಯಾವಾಗಲೂ ತಿಳಿದಿತ್ತು. ತನಗೆ ತಿಳಿಯದೆಂದು ಅವಳಿಗೆ ಕಲಿಸಿದವನು ನಾನು. ನನ್ನ ಇಡೀ ಸಮಾಜಸುಧಾರಣೆಯಲ್ಲಿ ನಾನು ಪೂರ್ಣವಾಗಿ ಕಲಿಸಿದ ಪಾಠ ಅದೊಂದೇ. ಪೆನ್ನು ಕೆಳಗಿಟ್ಟೆ. ಅವಳ ಹಿಂದೆಯೇ ಅಡಿಗೆಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ರೈಲು, ಎರಡನೆಯ ಕಾಗದ, ನಿರಪಾಯಕಾರಿ. ವಾಕ್ಯಗಳು ತೊಡರಿದವು, ಕ್ರಮ ತಪ್ಪಿತು.

ಅವಳು ಸ್ಟೋವಿನ ಉರಿ ಆರಿಸಿದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು:

“ನನ್ನ ಚೀಟಿ ಏನ ಮಾಡಿದ್ರಿ?”

ಹೇಳಿದೆ.

“ಬ್ರಷ್ ಒರಸಿದ್ರಿ.” ಅವಳು ಕೇಳಲಿಲ್ಲ, ಸುಮ್ಮನೆ ಹೇಳಿಕೊಂಡಳು. ಆಮೇಲೆ ತಿರುಗಿದಳು. “ಇಷ್ಟ ವರ್ಷ ಆ ಐದಾರ ಸಾಲಿನಾಗ ಒಂದೊಂದ ಅಕ್ಷರ ತಗದು ಹಾಕಿ, ತಗದು ಹಾಕಿ, ಮನಸಿನಾಗ ತಿದ್ದೀನ್ರಿ. ‘ಬಾಂಬ್’ ತಗದ್ರ ಆಗತಿತ್ತೇನು, ‘ಹೆದರಬ್ಯಾಡ್ರಿ’ ಎರಡ ಸಲ ಬರದಿದ್ರ ಆಗತಿತ್ತೇನು ಅಂತ. ಇಲ್ಲದ ತಗಡನ್ನ ತಿದ್ದಿದೆ.”

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿದಳು.

“ಅಡಗಿಮನ್ಯಾಗ ಹೇಳಿದ್ರ ಮುಗೀತೇನ್ರಿ? ನನ್ನ ಹೆಸರು ಹೋಗಿದ್ದು ಸಭಾದಾಗ.”

ಆ ಭಾನುವಾರ ವಾಮನನಿಗೂ ಹೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ದಿಟ್ಟಿಸಿದ. ಅವನ ಕಳೆದುಹೋದ ದುಡಿಮೆಯ ಬಗ್ಗೆ ಬೈಯುತ್ತಾನೆ ಎಂದುಕೊಂಡೆ.

“ನಾನಾದ್ರೆ ಮತ್ತೊಂದು ಬಲೂನು ಬಿಟ್ಟೆ, ಮಾರಾಯ. ಮತ್ತೊಂದು ಪೆಟ್ಟಿಗೆ ಮಾಡಿದೆ. ಅತ್ತಿಗೆಗೆ ನೀನು ಮತ್ತೊಂದು ಏನು ಕೊಡ್ತಿ?”

ಹೋದ ವರ್ಷಗಳಿಗೆ ಬದಲು ಕೊಡುವಂಥದ್ದು ನನ್ನಲ್ಲಿ ಏನೂ ಇಲ್ಲ. ಅವಳು ಕೇಳಿದ್ದು ಒಂದೇ, ಅದನ್ನು ಈ ಪುಟಗಳಲ್ಲಿ ಮಾಡುತ್ತಿದ್ದೇನೆ. ಸಂಘದ ಕಾರ್ಯದರ್ಶಿತ್ವವನ್ನು ಬಿಟ್ಟುಕೊಟ್ಟಿದ್ದೇನೆ. ಇದು ತ್ಯಾಗವಲ್ಲ, ಸುಳ್ಳಿನ ಮೇಲೆ ಕುಳಿತಿದ್ದ ಕುರ್ಚಿಯಿಂದ ಏಳುವುದು, ಅಷ್ಟೇ. ಶಿಬಿರದ ಜಾಹೀರಾತನ್ನು ಗೌರಾ ಕೊನೆಗೆ ತಾನೇ ಬರೆದಳು: “ಕಣ್ಣು ತೋರಿಸ್ಕೊಳ್ರಿ. ರೊಕ್ಕ ಬ್ಯಾಡ.” ಜನ ಬಂದರು. ತುರ್ಭೆಯ ಪಾಠಕ್ಕೆ ಮಾತ್ರ ಅವಳಿನ್ನೂ ಹೋಗಿಲ್ಲ. ಹೋಗುತ್ತೇನೆ ಎಂದೂ ಹೇಳಿಲ್ಲ, ಹೋಗುವುದಿಲ್ಲ ಎಂದೂ ಹೇಳಿಲ್ಲ. ಕೇಳುವ ಹಕ್ಕು ನನಗಿಲ್ಲ. ನನ್ನೊಡನೆ ಮಾತನಾಡುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ ಕೂಡ. ಕ್ಷಮಿಸಿದ್ದೇನೆ ಎಂದು ಅವಳು ಹೇಳಿಲ್ಲ. ಹೇಳಿದ್ದಾಳೆಂದು ನಾನು ಬರೆಯುವುದಿಲ್ಲ.

ಓದುಗರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನನ್ನನ್ನು ಮನ್ನಿಸಿ ಎಂದಲ್ಲ. ಆ ಸಂಜೆ ಆ ಕೋಣೆಯಲ್ಲಿದ್ದವರು, ಇಲ್ಲವೇ ಆ ಕಥೆಯನ್ನು ಬೇರೆಯವರಿಂದ ಕೇಳಿ ನಕ್ಕವರು—ಅದನ್ನು ನೀವು ಮನೆಯಲ್ಲಿ, ರೈಲಿನಲ್ಲಿ, ಊರಿನಲ್ಲಿ ಯಾರಿಗಾದರೂ ಹೇಳಿರುತ್ತೀರಿ. ಯಾರಿಗೆ ಹೇಳಿದ್ದೀರೆಂದು ದಯವಿಟ್ಟು ನೆನಪು ಮಾಡಿಕೊಳ್ಳಿ. ಅವರ ಬಳಿಗೇ ಹೋಗಿ, ಆ ಕನ್ನಡ ಗೌರಾಳದಾಗಿರಲಿಲ್ಲ, ಅವಳ ಗಂಡನದಾಗಿತ್ತು ಎಂದು ಹೇಳಿ.